ಆಳೆತ್ತರ ಬೆಳೆದ ಐಸ್‌ಬರ್ಗ್ ಗುಲಾಬಿ, ಹೂವು ಮಾತ್ರ ಇಲ್ಲ

ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟ್ ಗೇಟಿನ ಪಕ್ಕ ಎರಡು ವರ್ಷದ ಹಿಂದೆ 20 ಐಸ್‌ಬರ್ಗ್ ಗಿಡ ಹಾಕಿಸಿದೆವು. ಮೊದಲ ವರ್ಷ ಗೊಂಚಲು ಗೊಂಚಲು ಬಿಳಿ ಹೂವು. ಈಗ ಆರು ಗಿಡ ಆಳೆತ್ತರ ಹೋಗಿವೆ, ಒಂದು ಹೂವೂ ಇಲ್ಲ. ಉಳಿದವುಗಳ ಎಲೆ ಮೇಲೆ ಕಪ್ಪು ಚುಕ್ಕೆ, ಆಮೇಲೆ ಹಳದಿಯಾಗಿ ಉದುರುತ್ತವೆ. ಮಾಲಿ ಗೊಬ್ಬರ ಸಾಲದು ಅನ್ನುತ್ತಾರೆ. ಕಿತ್ತು ಬೇರೆ ಹಾಕೋಣವಾ?

ಉತ್ತರ: ಕೀಳಬೇಡಿ ಮೇಡಂ, ಗೊಬ್ಬರದ ತಪ್ಪಲ್ಲ ಇದು. ಆ ಆರು ಗಿಡದ ಬುಡ ನೋಡಿ. ನರ್ಸರಿಯಲ್ಲಿ ಬೇರೆ ಗಟ್ಟಿ ಗುಲಾಬಿಯ ಬೇರಿಗೆ ಐಸ್‌ಬರ್ಗ್ ಕಣ್ಣು (ಚಿಗುರೊಡೆಯುವ ಮೊಗ್ಗು) ಕೂರಿಸಿ ಕಸಿ ಮಾಡಿರುತ್ತಾರೆ. ಕಸಿ ಗಂಟಿನ ಕೆಳಗಿಂದ ಎದ್ದ ಚಿಗುರು ನಿಮ್ಮ ಐಸ್‌ಬರ್ಗ್ ಅಲ್ಲ, ಆ ಬೇರಿನ ಗಿಡ. ದಷ್ಟಪುಷ್ಟವಾಗಿದೆ ಅಂತ ಎಲ್ಲರೂ ಖುಷಿಯಾಗಿ ಬಿಟ್ಟಿರುತ್ತಾರೆ! ಮಣ್ಣು ಸರಿಸಿ, ಹೊರಟ ಜಾಗದಿಂದಲೇ ಕಿತ್ತು ತೆಗೆಯಿರಿ. ಮೇಲೆ ಕತ್ತರಿಸಿದರೆ ಒಂದರ ಜಾಗಕ್ಕೆ ನಾಲ್ಕು ಬರುತ್ತವೆ.

ಚುಕ್ಕೆ ಶಿಲೀಂಧ್ರದ್ದು. ನೀರು ಹೇಗೆ ಹಾಕುತ್ತೀರಿ?

ಪ್ರಶ್ನೆ: ಸಂಜೆ ಲಾನ್‌ಗೆ ಸ್ಪ್ರಿಂಕ್ಲರ್ ಬಿಡುತ್ತಾರೆ, ಅದೇ ಗುಲಾಬಿಗೂ ಬೀಳುತ್ತದೆ. ಇನ್ನೊಂದು, ಗೊಂಚಲಿನ ನಡುವಿನ ಹೂವು ಒಣಗಿ ಕಂದಾಗಿರುತ್ತದೆ, ಸುತ್ತ ಇನ್ನೂ ಮೊಗ್ಗು. ನೋಡೋಕೆ ಚೆನ್ನಾಗಿರಲ್ಲ.

ಉತ್ತರ: ಅದೇ ನೋಡಿ, ರಾತ್ರಿಯಿಡೀ ಎಲೆ ಒದ್ದೆ ಇದ್ದರೆ ಚುಕ್ಕೆ ಬರದೆ ಇರುತ್ತದಾ? ಬೆಳಿಗ್ಗೆ ಬುಡಕ್ಕೆ ಮಾತ್ರ ಪೈಪ್ ಹಿಡಿಯಲಿ. ಉದುರಿದ ಎಲೆ ಪಾತಿಯಲ್ಲಿ ಬಿಡಬೇಡಿ. ಮಳೆಗಾಲದಲ್ಲಿ ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕ ಲೀಟರ್ ನೀರಿಗೆ 2 ಗ್ರಾಂ ಹಾಕಿ ಸಿಂಪಡಿಸಿ, ಎಲೆಯ ಕೆಳಗೂ ತಾಗುವ ಹಾಗೆ.

ಗೊಂಚಲಿನ ವಿಷಯ ಸುಲಭ. ನಡುವಿನ ಮೊಗ್ಗು ಎಲ್ಲಕ್ಕಿಂತ ಮೊದಲು ದಪ್ಪಗಾಗುತ್ತದೆ, ಬಟಾಣಿಯಷ್ಟಿರುವಾಗಲೇ ಉಗುರಲ್ಲಿ ಚಿವುಟಿ ಬಿಡಿ. ಉಳಿದವು ಹೆಚ್ಚು ಕಡಿಮೆ ಒಟ್ಟಿಗೆ ಅರಳುತ್ತವೆ. ಐಸ್‌ಬರ್ಗ್‌ನಂಥ ಫ್ಲೋರಿಬಂಡಾದ, ಅಂದರೆ ಗೊಂಚಲಾಗಿ ಹೂ ಬಿಡುವ ಗುಲಾಬಿಯ ಅಂದವೇ ಅದು, ಅಲ್ವಾ? ಮುಗಿದ ಮೇಲೆ ಒಂದೊಂದೇ ಹೂವು ಕೀಳುತ್ತಾ ಕೂರದೆ ಇಡೀ ಗೊಂಚಲನ್ನು ಕೆಳಗಿನ ಗಟ್ಟಿ ಕಣ್ಣಿನ ತನಕ ತೆಗೆಯಿರಿ. ದೊಡ್ಡ ಪ್ರೂನಿಂಗ್ ಮಳೆ ಕಡಿಮೆಯಾದ ಮೇಲೆ ಅಕ್ಟೋಬರ್‌ನಲ್ಲಿ, ಅರ್ಧದಷ್ಟು ಸಾಕು. ಬೇಲಿ ಗಿಡ ಕತ್ತರಿಸುವ ಕತ್ತರಿ ಮಾತ್ರ ಬೇಡ, ಸಿಕೇಟರ್ (ಒಂದೇ ಕೈಯಲ್ಲಿ ಹಿಡಿದು ಕೊಂಬೆ ಕತ್ತರಿಸುವ ಕತ್ತರಿ) ಕೊಡಿಸಿ.

ಪ್ರಶ್ನೆ: ಬುಡ ಬಗೆದು ನೋಡಿದೆವು ಸರ್. ನಾಲ್ಕರಲ್ಲಿ ಗಂಟಿನ ಮೇಲೆ ಇನ್ನೂ ಹಸಿರು ಕೊಂಬೆ ಇದೆ. ಎರಡರಲ್ಲಿ ಎಲ್ಲ ಒಣಗಿದೆ.

ಉತ್ತರ: ನಾಲ್ಕು ಉಳಿಯುತ್ತವೆ. ಆ ಎರಡು ಜಾಗಕ್ಕೆ ಐಸ್‌ಬರ್ಗೇ ಹಾಕಿ, ಸಾಲಿನಲ್ಲಿ ಬಣ್ಣ ಕಲಸಿದರೆ ಹಲ್ಲು ಬಿದ್ದ ಹಾಗೆ ಕಾಣುತ್ತದೆ. ನೆಡುವಾಗ ಕಸಿ ಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರಲಿ.