ಅಪ್‌ಡೇಟ್: ಡೇಟಾಮಿಕ್‌ನಲ್ಲಿ ಲೆಫ್ಟ್ ಜಾಯಿನ್ ಕೊನೆಗೂ ಆಯ್ತು

ಹೋದ ವಾರ ಕೇಳಿದ್ನಲ್ಲ, ಡೇಟಾಮಿಕ್ ಅನ್ನೋ ಡೇಟಾಬೇಸ್‌ನ ಡೇಟಾಲಾಗ್ (ಅದರ ಕ್ವೆರಿ ಭಾಷೆ) ಕ್ವೆರಿಲಿ ಕಸ್ಟಮರ್ ಜೊತೆ ಅವರ ಆರ್ಡರ್ ಮೊತ್ತ ತೆಗೆದ್ರೆ ಒಂದೂ ಆರ್ಡರ್ ಇಲ್ದಿರೋರು ರಿಸಲ್ಟಿಂದಲೇ ಮಾಯ ಆಗ್ತಾರೆ, ಎಸ್‌ಕ್ಯುಎಲ್ ಲೆಫ್ಟ್ ಜಾಯಿನ್ (ಜೋಡಿ ಸಿಗದಿದ್ರೂ ಎಡಗಡೆ ಸಾಲನ್ನ ಉಳಿಸ್ಕೊಳ್ಳೋದು) ಥರ ಹೇಗೆ ಮಾಡೋದು ಅಂತ, ಅದು ಈಗ ಸರಿಹೋಯ್ತು.

ವ್ಯಾಲ್ಯೂ ಇಲ್ದಿದ್ರೆ ಬದಲಿ ವ್ಯಾಲ್ಯೂ ಕೊಡೋ ಗೆಟ್-ಎಲ್ಸ್ ಇಲ್ಲಿ ಆಗ್ಲಿಲ್ಲ. ಫೋನ್ ನಂಬರ್ ಥರ ಒಂದೇ ವ್ಯಾಲ್ಯೂ ಇರೋ ಆಟ್ರಿಬ್ಯೂಟ್‌ಗೆ ಅದು ತುಂಬಾ ಚೆನ್ನಾಗಿದೆ, ಆದ್ರೆ ನಮ್ದು ಆರ್ಡರಿಂದ ಕಸ್ಟಮರ್ ಕಡೆಗಿರೋ ರೆಫ್ (ಕೊಂಡಿ), ಒಬ್ರಿಗೆ ಎಷ್ಟೋ ಆರ್ಡರ್. ಪುಲ್ ಬರೀ ತೋರ್ಸೋಕೆ ಸಾಕು, ಇಲ್ದಿರೋ ಆಟ್ರಿಬ್ಯೂಟನ್ನ ಬಿಟ್ಟು ಉಳಿದಿದ್ದು ಕೊಡುತ್ತೆ, ಆದ್ರೆ ನಂಗೆ ಕ್ವೆರಿಲೇ ಮೊತ್ತ ಕೂಡ್ಬೇಕಿತ್ತು.

ಕೆಲಸ ಮಾಡಿದ್ದು ಆರ್-ಜಾಯಿನ್ (ಕವಲುಗಳಲ್ಲಿ ಯಾವುದಾದ್ರೂ ಒಂದು ಹೊಂದಿದ್ರೆ ಸಾಕು ಅನ್ನೋದು) ಹೇಳಿದವರ ಸಲಹೆ, ಅವರಿಗೆ ದೊಡ್ಡ ಥ್ಯಾಂಕ್ಸ್. ಒಂದು ಕವಲಲ್ಲಿ ಆರ್ಡರ್ ಇರೋ ಕಸ್ಟಮರ್, ಇನ್ನೊಂದ್ರಲ್ಲಿ ನಾಟ್ ಹಾಕಿ ಆರ್ಡರ್ ಇಲ್ದಿರೋರು, ಅಲ್ಲಿ ಗ್ರೌಂಡ್ ಬಳಸಿ ಆರ್ಡರ್‌ಗೂ ಮೊತ್ತಕ್ಕೂ 0 ಕೊಟ್ಟೆ. ನೆನಪಿಡಿ, ನಾಟ್ ತಾನಾಗಿ ಯಾರನ್ನೂ ಹುಡುಕಿ ತರಲ್ಲ, ಅದಕ್ಕೆ ಆ ಕವಲಲ್ಲೂ ಕಸ್ಟಮರ್ ಹೆಸರಿನ ಸಾಲು ಇರ್ಲಿ. ನೋಡೋಕೆ ಉದ್ದ ಅನ್ಸುತ್ತೆ, ಆದ್ರೆ ಲೆಫ್ಟ್ ಜಾಯಿನ್ ಅಂದ್ರೆ ನಿಜಕ್ಕೂ ಈ ಎರಡು ಗುಂಪು ಸೇರಿದ್ದೇ ತಾನೆ, ಇಲ್ಲಿ ಅದು ಕಣ್ಣಿಗೆ ಕಾಣುತ್ತೆ, ನಂಗೆ ಇದೇ ಇಷ್ಟ ಆಯ್ತು.

ಆಶ್ಚರ್ಯ ಆಗಿದ್ದು ಬೇರೆ ವಿಷ್ಯ. ರಿಸಲ್ಟ್ ಒಂದು ಸೆಟ್, ಅಂದ್ರೆ ಒಂದೇ ಥರದ ಸಾಲು ಒಂದೇ ಸಲ ಉಳಿಯುತ್ತೆ, ಹಾಗಾಗಿ ಒಬ್ರೇ 500 ರೂಪಾಯಿದು ಎರಡು ಆರ್ಡರ್ ಮಾಡಿದ್ರೆ ಸಮ್ 500 ಅಂತಲೇ ಬರುತ್ತೆ! ಕ್ವೆರಿಯ ವಿತ್ ಭಾಗದಲ್ಲಿ ಆರ್ಡರ್ ವೇರಿಯಬಲ್ ಸೇರ್ಸಿದ್ಮೇಲೆ ಆ ಎರಡು ಸಾಲೂ ಬೇರೆ ಬೇರೆಯಾಗಿ ಉಳಿದು 1000 ಬಂತು. ಸಮ್ ಬಳಸೋರು ಇದನ್ನ ಖಂಡಿತ ಚೆಕ್ ಮಾಡ್ಕೊಳ್ಳಿ.