ಐಟಿ ಬಿಟ್ಟು ಇಂಗ್ಲೆಂಡಲ್ಲಿ ಸಾಲಿಸಿಟರ್ ಆಗೋದು ಹೇಗೆ? ಟ್ರೇನಿ ಕೆಲಸ ಸಿಗುತ್ತಾ? (ಪ್ರಶ್ನೋತ್ತರ)

ಪ್ರಶ್ನೆ, ರೆಡಿಂಗ್‌ನಿಂದ:

ನಮಸ್ಕಾರ ಮೇಡಂ. ನೀವು ಲೀಡ್ಸ್‌ನಲ್ಲಿ ಕಮರ್ಷಿಯಲ್ ಸಾಲಿಸಿಟರ್ (ಕಂಪನಿಗಳ ವ್ಯವಹಾರ ನೋಡೋ ವಕೀಲರು) ಅಂತ ಗುಂಪಲ್ಲಿ ಯಾರೋ ಹೇಳಿದ್ರು, ಅದಕ್ಕೇ ಕೇಳ್ತಿದೀನಿ. ನಂಗೆ 34. ಹಾಸನದಲ್ಲಿ ಬಿಇ, ಬೆಂಗಳೂರಲ್ಲಿ ಕೋಡಿಂಗ್, ಇಲ್ಲಿಗೆ ಬಂದಮೇಲೆ ವೆಂಡರ್ ಮ್ಯಾನೇಜ್‌ಮೆಂಟ್. ಅಂದ್ರೆ ಸಾಫ್ಟ್‌ವೇರ್ ಸಪ್ಲೈಯರ್‌ಗಳ ಕಾಂಟ್ರಾಕ್ಟು, ಎಸ್‌ಎಲ್‌ಎ (ಸೇವೆ ಯಾವ ಮಟ್ಟದಲ್ಲಿರ್ಬೇಕು ಅನ್ನೋ ಒಪ್ಪಂದ), ರಿನ್ಯೂವಲ್ಲು ಇದೇ ದಿನಾ. ನಮ್ ಲೀಗಲ್ ಟೀಮ್ ಜೊತೆ ಕೂತೂ ಕೂತೂ ಅವರ ಕೆಲಸನೇ ಮಾಡ್ಬೇಕು ಅನ್ನಿಸಿಬಿಟ್ಟಿದೆ. ಐಎಲ್‌ಆರ್ (ಇಲ್ಲೇ ಕಾಯಂ ಇರೋ ಅನುಮತಿ) ಬಂದಿದೆ, ವೀಸಾ ತಲೆನೋವಿಲ್ಲ. ಆದ್ರೆ ಇಬ್ರು ಮಕ್ಕಳು, ಮಾರ್ಟ್‌ಗೇಜ್. ಒಂದು ಲಾ ಸ್ಕೂಲ್‌ನವರು ಈ ಸೆಪ್ಟೆಂಬರ್‌ಗೇ ಸೇರ್ಕೊಳ್ಳಿ ಅಂತ ಬಿಡದೆ ಫೋನ್ ಮಾಡ್ತಿದಾರೆ. ಸೇರ್ಕೊಳ್ಲಾ? ವಯಸ್ಸಾಯ್ತಾ? ಲಾ ಫರ್ಮ್‌ನಲ್ಲಿ ಟ್ರೇನಿಯಾಗಿ ಸೇರೋ ಟ್ರೇನಿಂಗ್ ಕಾಂಟ್ರಾಕ್ಟ್ ಅನ್ನೋದು ನಮ್ಮಂಥೋರಿಗೆ ಸಿಗುತ್ತಾ?

ಉತ್ತರ:

ನಮಸ್ಕಾರ. ಮೊದಲು ಆ ಫೋನ್ ಎತ್ತೋದು ನಿಲ್ಸಿ 🙂 ಕೋರ್ಸ್ ಮಾರೋರಿಗೆ ನೀವು ಸಾಲಿಸಿಟರ್ ಆಗ್ತೀರೋ ಇಲ್ವೋ ಅನ್ನೋದು ಮುಖ್ಯ ಅಲ್ಲ, ಸೀಟು ತುಂಬಬೇಕು ಅಷ್ಟೇ. ನನ್ನ ಮಾತು ಒಂದೇ, ಮೊದಲು ಅರ್ಜಿ, ಆಮೇಲೆ ಫೀಸು. ಯಾಕೆ ಅಂತ ಹೇಳ್ತೀನಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್ ಆಗೋಕೆ ಈಗ ಬೇಕಾಗಿರೋದು ನಾಲ್ಕು: ಯಾವುದೇ ವಿಷಯದಲ್ಲಿ ಡಿಗ್ರಿ, ಎಸ್‌ಕ್ಯೂಇ ಅನ್ನೋ ಪರೀಕ್ಷೆ ಎರಡೂ ಹಂತ, ಎರಡು ವರ್ಷದ ಕ್ವಾಲಿಫೈಯಿಂಗ್ ವರ್ಕ್ ಎಕ್ಸ್‌ಪೀರಿಯೆನ್ಸ್ (ಎಲ್ಲರೂ ಕ್ಯೂಡಬ್ಲ್ಯೂಇ ಅಂತಾರೆ), ಆಮೇಲೆ ನಡತೆ ಸರಿಯಿದೆಯಾ ಅಂತ ಎಸ್‌ಆರ್‌ಎ (ಸಾಲಿಸಿಟರ್‌ಗಳ ನಿಯಂತ್ರಣ ಸಂಸ್ಥೆ) ಮಾಡೋ ತಪಾಸಣೆ. ಈ ಪದ್ಧತಿ ಬಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ. ನಿಮ್ಮ ಬಿಇ ಇಲ್ಲಿನ ಡಿಗ್ರಿಗೆ ಸಮ ಅಂತ ವಿದೇಶಿ ಡಿಗ್ರಿಗಳನ್ನ ಹೋಲಿಸಿ ನೋಡೋ ಯುಕೆ ಎನಿಕ್‌ನಿಂದ ಒಂದು ಪತ್ರ ತಗೊಂಡ್ರೆ ಮೊದಲನೇದು ಮುಗೀತು. ವಯಸ್ಸಿಗೆ ಮಿತಿ ಇಲ್ಲ, 34 ಏನೂ ಅಲ್ಲ, ಟೀಚರ್‌ಗಳು ಪೊಲೀಸ್ರು ನರ್ಸ್‌ಗಳು ಎಲ್ಲರೂ ಬರ್ತಾರೆ ಈ ಕಡೆ.

ಈಗ ದುಡ್ಡಿನ ವಿಷಯ. ಲಾ ಓದಿರದೋರು ಮಾಡೋ ಪಿಜಿಡಿಎಲ್ ಕನ್ವರ್ಷನ್ ಕೋರ್ಸ್‌ಗೆ ಸಾಮಾನ್ಯವಾಗಿ 10,000 ಪೌಂಡ್ ಮೇಲೇ ಆಗುತ್ತೆ, ಅದರ ಮೇಲೆ ಎಸ್‌ಕ್ಯೂಇ ತಯಾರಿ ಕೋರ್ಸು, ಅದರ ಮೇಲೆ ಪರೀಕ್ಷೆ ಫೀಸೇ ಎರಡೂ ಸೇರಿ 5,000 ಪೌಂಡ್ ಹತ್ತಿರ. ಕಾನೂನಿನ ಪ್ರಕಾರ ಪಿಜಿಡಿಎಲ್ ಕಡ್ಡಾಯ ಅಲ್ಲ, ಎಸ್‌ಆರ್‌ಎ ಕೇಳಲ್ಲ, ಆದ್ರೆ ದೊಡ್ಡ ಫರ್ಮ್‌ಗಳು ಕೇಳ್ತವೆ. ಮತ್ತೆ ಅದೇ ಫರ್ಮ್‌ಗಳು ನಿಮಗೆ ಟ್ರೇನಿಂಗ್ ಕಾಂಟ್ರಾಕ್ಟ್ ಕೊಟ್ರೆ ಈ ಎಲ್ಲಾ ಫೀಸನ್ನ ತಾವೇ ಕಟ್ಟಿ, ಓದೋ ಅಷ್ಟು ದಿನ ಊಟ ಬಾಡಿಗೆಗೆ ಅಂತ ಮೇಲೊಂದಿಷ್ಟು ಕೊಡ್ತವೆ. ಮೊದಲೇ ಕೈಯಿಂದ ಕಟ್ಟಿ ಕೂತ್ರೆ ಅದನ್ನ ವಾಪಸ್ ಕೊಡೋರು ಕಡಿಮೆ.

ಇನ್ನು ಟ್ರೇನಿಂಗ್ ಕಾಂಟ್ರಾಕ್ಟು. ಎರಡು ವರ್ಷ, ಸಾಮಾನ್ಯವಾಗಿ ಆರಾರು ತಿಂಗಳ ನಾಲ್ಕು ಸೀಟು, ಅಂದ್ರೆ ಬೇರೆಬೇರೆ ವಿಭಾಗದಲ್ಲಿ ಕೂತು ಕಲಿಯೋದು. ಒಂದು ಸೀಟ್ ಕಾರ್ಪೊರೇಟ್, ಒಂದು ಪ್ರಾಪರ್ಟಿ, ಒಂದು ಡಿಸ್ಪ್ಯೂಟ್ಸ್, ಹೀಗೆ. ಫರ್ಮ್‌ಗಳು ಎರಡು ವರ್ಷ ಮುಂಚೆನೇ ಆಯ್ಕೆ ಮಾಡ್ಕೊಳ್ತವೆ, ಅಂದ್ರೆ ಇವತ್ತು ಆಫರ್ ಸಿಕ್ರೂ ಕೆಲಸಕ್ಕೆ ಕೂರೋದು ಎರಡು ವರ್ಷ ಬಿಟ್ಟು, ಲಾ ಓದಿಲ್ಲದವರಿಗೆ ಕೆಲವೊಮ್ಮೆ ಅದಕ್ಕೂ ಹೆಚ್ಚು. ನಿಮಗೆ ಇದು ಒಳ್ಳೇದೇ, ಅಲ್ಲೀವರೆಗೂ ಸಂಬಳ ಬರ್ತಾ ಇರುತ್ತೆ.

ಸಿಟಿ ಆಫ್ ಲಂಡನ್‌ನ ದೊಡ್ಡ ಫರ್ಮ್‌ಗಳಲ್ಲಿ ಮೊದಲ ವರ್ಷದ ಟ್ರೇನಿಗೇ 50,000 ಪೌಂಡ್ ದಾಟುತ್ತೆ, 2024ರಿಂದ ಮ್ಯಾಜಿಕ್ ಸರ್ಕಲ್ ಅಂತ ಕರೆಯೋ ಲಂಡನ್ನಿನ ಕೆಲವೇ ಹೆಸರಾಂತ ಫರ್ಮ್‌ಗಳಲ್ಲಿ ಕ್ವಾಲಿಫೈ ಆದ ದಿನದಿಂದ 1,50,000. ಈ ನಂಬರ್ ನೋಡಿ ಎಲ್ರೂ ಅಲ್ಲಿಗೇ ಮುಗಿಬೀಳ್ತಾರೆ, ಜೊತೆಗೆ ರಾತ್ರಿ ಹನ್ನೊಂದಕ್ಕೆ ಬರೋ ಇಮೇಲ್‌ಗೂ ಸೇರಿಸಿ ಕೊಡೋ ದುಡ್ಡು ಅದು ಅಂತ ಯಾರೂ ಹೇಳಲ್ಲ. ಸಣ್ಣ ಊರಿನ ಫರ್ಮ್‌ಗಳ ಕಥೆ ಬೇರೆ. ಟ್ರೇನಿಗೆ ಇಷ್ಟು ಕೊಡಲೇಬೇಕು ಅನ್ನೋ ಪ್ರತ್ಯೇಕ ನಿಯಮನ ಎಸ್‌ಆರ್‌ಎ 2014ರಲ್ಲೇ ತೆಗೆದುಹಾಕಿತು, ಈಗ ದೇಶದ ಮಿನಿಮಮ್ ವೇಜ್ ಅಷ್ಟೇ ಕಾನೂನು. ಸಾಲಿಸಿಟರ್‌ಗಳ ಸಂಘ ಲಾ ಸೊಸೈಟಿ ಒಂದು ಮೊತ್ತ ಶಿಫಾರಸು ಮಾಡುತ್ತೆ, ಕೊಡ್ಲೇಬೇಕು ಅಂತಿಲ್ಲ. ಮಾರ್ಟ್‌ಗೇಜ್ ಇರೋರು ಹೆಂಡತಿ ಜೊತೆ ಕೂತು ಈ ಲೆಕ್ಕ ಮೊದಲು ಹಾಕಿ.

ಪ್ರಶ್ನೆ, ಅವರೇ:

ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ ಮೇಡಂ, ಥ್ಯಾಂಕ್ಯೂ. ಆದ್ರೆ ಸಿಟಿ ಫರ್ಮ್‌ಗೆ 22ರ ಹುಡುಗ್ರ ಜೊತೆ ಪೈಪೋಟಿ ಮಾಡ್ಬೇಕಲ್ಲ, ಅವರೆಲ್ಲ ಆಕ್ಸ್‌ಫರ್ಡು ಕೇಂಬ್ರಿಡ್ಜು. ಫಾರ್ಮ್‌ನಲ್ಲಿ ಎ ಲೆವೆಲ್ ಮಾರ್ಕ್ಸ್ ಕೇಳ್ತಾನೆ, ನಂದು ಸೆಕೆಂಡ್ ಪಿಯುಸಿ.

ಉತ್ತರ:

ಪಿಯುಸಿ ಮಾರ್ಕ್ಸೇ ಹಾಕಿ, ಅದೇ ನಿಮ್ಮ ಹನ್ನೆರಡನೇ ಕ್ಲಾಸು. ಫಾರ್ಮ್ ಅದನ್ನ ತಗೊಳ್ಳದಿದ್ರೆ ಗ್ರ್ಯಾಜುಯೇಟ್ ರಿಕ್ರೂಟ್‌ಮೆಂಟ್ ಟೀಮ್‌ಗೆ ಎರಡು ಸಾಲು ಇಮೇಲ್ ಹಾಕಿ, ಅವರಿಗೆ ಇದೇನೂ ಹೊಸದಲ್ಲ.

ಹುಡುಗ್ರ ಜೊತೆ ಅವರ ಆಟ ಆಡೋಕೆ ಹೋಗ್ಬೇಡಿ. ಅವರು ಬರೆಯೋದು ಡಿಬೇಟ್ ಕ್ಲಬ್ಬು, ಕಾಲೇಜ್ ಸೊಸೈಟಿ. ನಿಮ್ಮತ್ರ ಇರೋದು ಕಾಂಟ್ರಾಕ್ಟು. ಆದ್ರೆ ಹೆಚ್ಚಿನ ಐಟಿಯವರು ಫಾರ್ಮ್‌ನಲ್ಲಿ ಬರೆಯೋದು ಹೇಗೆ ಗೊತ್ತಾ, «ಹಲವು ಸಪ್ಲೈಯರ್‌ಗಳನ್ನು ಯಶಸ್ವಿಯಾಗಿ ನಿರ್ವಹಿಸಿದೆ» ಅಂತ. ಓದೋರಿಗೆ ಅದರಿಂದ ಏನೂ ಸಿಗಲ್ಲ. ಅದೇ ಕೆಲಸನ ಹೀಗೆ ಬರೀರಿ: ಸಪ್ಲೈಯರ್ ತನ್ನ ಹೊಣೆಗಾರಿಕೆಗೆ ಒಂದು ವರ್ಷದ ಫೀಸಿನಷ್ಟು ಕ್ಯಾಪ್ (ಗರಿಷ್ಠ ಮಿತಿ) ಇಟ್ಟಿದ್ದ, ಕಸ್ಟಮರ್ ಡೇಟಾ ಲೀಕ್ ಆದ್ರೆ ನಮಗೆ ಆಗೋ ನಷ್ಟ ಅದಕ್ಕಿಂತ ಎಷ್ಟೋ ಪಟ್ಟು, ಡೇಟಾನ ಕ್ಯಾಪ್‌ನಿಂದ ಪೂರ್ತಿ ಹೊರಗಿಡಿ ಅಂತ ನಾವು, ಸಾಧ್ಯವೇ ಇಲ್ಲ ಅಂತ ಅವರು, ಕೊನೆಗೆ ಡೇಟಾಗೆ ಮಾತ್ರ ಬೇರೆ ಸೂಪರ್ ಕ್ಯಾಪ್ (ಇನ್ನೂ ದೊಡ್ಡ ಮಿತಿ) ಹಾಕಿ ಸಹಿ ಆಯ್ತು, ಅವರ ಇನ್ಶೂರೆನ್ಸ್ ಎಷ್ಟು ಕವರ್ ಮಾಡುತ್ತೆ ಅಂತ ಕೇಳಿದ್ದು ನಾನು, ಅಲ್ಲಿಂದಾನೇ ಆ ನಂಬರ್ ಬಂದಿದ್ದು. ಇದು ಸುಮ್ನೆ ಉದಾಹರಣೆ, ನಿಮ್ಮ ಫೈಲ್‌ನಲ್ಲಿ ಇಂಥದ್ದು ಇದ್ದೇ ಇರುತ್ತೆ, ಕಂಪನಿ ಹೆಸರು ಮೊತ್ತ ಮಾತ್ರ ಬಿಟ್ಟು ಬರೀರಿ, ಗುಟ್ಟು ಉಳಿಸೋಕೆ ಬರುತ್ತಾ ಅಂತಾನೂ ಅವರು ನೋಡ್ತಾರೆ. ನಾನು ದಿನಾ ಮಾಡೋ ಕೆಲಸ ಇದೇ. (ಊರಿಗೆ ಹೋದಾಗೆಲ್ಲ ಯಾವ ಕೋರ್ಟಲ್ಲಿ ಪ್ರ್ಯಾಕ್ಟೀಸ್ ಅಂತ ಕೇಳ್ತಾರೆ. ಕೋರ್ಟ್ ಮುಖ ನೋಡಿದ್ದೇ ಅಪರೂಪ ಅಂದ್ರೆ ನಂಬಲ್ಲ.)

ಬಹಳಷ್ಟು ಫರ್ಮ್‌ಗಳು ವೆಕೇಷನ್ ಸ್ಕೀಮ್ ಮೂಲಕ ಆರಿಸ್ತವೆ. ಒಂದೆರಡು ವಾರ ಆಫೀಸಲ್ಲಿ ಕೂರಿಸ್ಕೊಂಡು ನೋಡ್ತಾರೆ, ಕೊನೆಗೆ ಇಂಟರ್‌ವ್ಯೂ. ನೀವು ನಿಮ್ಮ ಆ್ಯನ್ಯುಯಲ್ ಲೀವ್ ಇದಕ್ಕೆ ಇಟ್ಕೋಬೇಕು. ಅರ್ಜಿಗಳು ಹೆಚ್ಚಾಗಿ ಸೆಪ್ಟೆಂಬರ್ ಹೊತ್ತಿಗೆ ತೆರೆದು ಡಿಸೆಂಬರ್ ಜನವರಿಗೆ ಮುಚ್ಚುತ್ತವೆ, ಕೆಲವರು ಬಂದಬಂದಂಗೆ ನೋಡಿ ಸೀಟ್ ತುಂಬ್ತಾರೆ, ಹಾಗಾಗಿ ಕೊನೇ ದಿನದವರೆಗೆ ಕಾಯ್ಬೇಡಿ. ಅರ್ಜಿ ಆದಮೇಲೆ ವಾಟ್ಸನ್ ಗ್ಲೇಸರ್ ಅಂತ ತರ್ಕದ ಆನ್‌ಲೈನ್ ಟೆಸ್ಟ್ ಇರುತ್ತೆ, ಎಷ್ಟೋ ಬುದ್ಧಿವಂತರು ಇಲ್ಲೇ ಬೀಳೋದು, ಯಾಕಂದ್ರೆ ಗೊತ್ತಿರೋದನ್ನೆಲ್ಲ ಅದರೊಳಗೆ ತುರುಕ್ತಾರೆ. «ಒಂದು ಕಂಪನಿ ಮೈಸೂರಲ್ಲಿ ಆಫೀಸ್ ತೆರೀತು, ಮುಂದಿನ ವರ್ಷ ಲಾಭ ಹೆಚ್ಚಾಯ್ತು» ಅಂತಷ್ಟೇ ಕೊಟ್ಟು, ಮೈಸೂರು ಆಫೀಸಿನಿಂದಲೇ ಲಾಭ ಬಂತು ಅನ್ನೋದು ನಿಜವಾ ಅಂತ ಕೇಳಿದ್ರೆ, ಕೊಟ್ಟ ಸಾಲಲ್ಲಿ ಅದಿಲ್ಲ, ಅಷ್ಟೇ ಉತ್ತರ. ಕೋಡ್ ಬರೆದೋರಿಗೆ ಇದು ಸುಲಭ.

ಚಾಟ್‌ಜಿಪಿಟಿಲಿ ಬರೆಸಿ ಪೇಸ್ಟ್ ಮಾಡ್ಬೇಡಿ ದಯವಿಟ್ಟು. ನಾಲ್ಕು ಓದೋ ಹೊತ್ತಿಗೇ ಗೊತ್ತಾಗಿಬಿಡುತ್ತೆ, ಎಲ್ಲಾ ಒಂದೇ ಥರ ಇರುತ್ತೆ.

ಇನ್ನೊಂದು ದಾರಿ ಇದೆ, ನಿಮ್ಮ ವಿಷಯದಲ್ಲಿ ನಂಗೆ ಇದೇ ಹೆಚ್ಚು ಸರಿ ಅನ್ಸುತ್ತೆ. ಆ ಎರಡು ವರ್ಷದ ಅನುಭವ ಟ್ರೇನಿಂಗ್ ಕಾಂಟ್ರಾಕ್ಟ್‌ನಲ್ಲೇ ಆಗ್ಬೇಕು ಅಂತಿಲ್ಲ. ನಾಲ್ಕು ಜಾಗದವರೆಗೂ ಸೇರಿಸಿ ತೋರಿಸ್ಬಹುದು, ಪ್ಯಾರಾಲೀಗಲ್ (ಸಾಲಿಸಿಟರ್‌ಗೆ ಸಹಾಯಕ) ಕೆಲಸ, ಜನರಿಗೆ ಉಚಿತ ಸಲಹೆ ಕೊಡೋ ಲಾ ಕ್ಲಿನಿಕ್‌ನಲ್ಲಿ ಸಂಬಳ ಇಲ್ಲದ ಕೆಲಸ, ಕಂಪನಿಯ ಇನ್‌ಹೌಸ್ ಲೀಗಲ್ ಟೀಮು, ಎಲ್ಲಾ ನಡೆಯುತ್ತೆ, ಹಳೇದೂ ನಡೆಯುತ್ತೆ. ಆದ್ರೆ ಅದು ಕಾನೂನಿನ ಕೆಲಸ ಆಗಿರ್ಬೇಕು, ಒಬ್ಬ ಸಾಲಿಸಿಟರ್ ಹೌದು ಅಂತ ದೃಢಪಡಿಸ್ಬೇಕು. ರಿನ್ಯೂವಲ್ ತಾರೀಖು ನೆನಪಿಸೋದು, ಇನ್‌ವಾಯ್ಸ್ ಹಿಂದೆ ಬೀಳೋದು ಲೆಕ್ಕಕ್ಕೆ ಬರಲ್ಲ. ಲೀಗಲ್ ಟೀಮ್‌ಗೋಸ್ಕರ ಕಾಂಟ್ರಾಕ್ಟಿನ ಷರತ್ತುಗಳನ್ನ ತಿದ್ದಿ ಗುರುತು ಹಾಕೋದು (ರೆಡ್‌ಲೈನ್), ಅದರ ಮೇಲೆ ಮಾತುಕತೆಗೆ ಕೂರೋದು ಬರ್ಬಹುದು. ಹಾಗಾಗಿ ನಾಳೆನೇ ನಿಮ್ಮ ಲೀಗಲ್ ಹೆಡ್ ಹತ್ರ ಹೋಗಿ, ವಾರಕ್ಕೆ ಎರಡು ದಿನ ನಿಮ್ಮ ಟೀಮ್‌ಗೆ ಕೆಲಸ ಮಾಡ್ಲಾ, ಕ್ಯೂಡಬ್ಲ್ಯೂಇ ಅಂತ ಸಹಿ ಹಾಕ್ತೀರಾ ಅಂತ ಕೇಳಿ. ಪಾರ್ಟ್ ಟೈಮ್ ಆದ್ರೆ ಅದೇ ಲೆಕ್ಕದಲ್ಲಿ ವರ್ಷ ಹೆಚ್ಚಾಗುತ್ತೆ. ಒಪ್ಪಿದ್ರೆ ಅವತ್ತಿಂದಲೇ ಏನು ಮಾಡಿದ್ರಿ ಅಂತ ವಾರವಾರ ಬರೆದಿಡಿ, ಎರಡು ವರ್ಷ ಆದಮೇಲೆ ನೆನಪಿಸ್ಕೊಳ್ಳೋಕೆ ಹೋದ್ರೆ ಏನೂ ಹೊಳೆಯಲ್ಲ, ಅಷ್ಟ್ರಲ್ಲಿ ಆ ಹೆಡ್ಡೂ ಬೇರೆ ಕಂಪನಿಗೆ ಹೋಗಿರ್ತಾರೆ. ಈ ದಾರೀಲಿ ಬಂದೋರನ್ನ ಕೆಲವು ಸಿಟಿ ಫರ್ಮ್‌ಗಳು ಈಗಲೂ ಸ್ವಲ್ಪ ಅನುಮಾನದಿಂದ ನೋಡ್ತವೆ, ಅದು ನಿಜ. ಇನ್‌ಹೌಸ್‌ಗೆ, ಟೆಕ್ನಾಲಜಿ ಕಾಂಟ್ರಾಕ್ಟ್ ಕೆಲಸಕ್ಕೆ ಅದು ಅಷ್ಟಾಗಿ ಅಡ್ಡ ಬರಲ್ಲ.

ಪ್ರಶ್ನೆ, ಮಿಲ್ಟನ್ ಕೀನ್ಸ್‌ನಿಂದ:

ಅಕ್ಕಾರ, ನಾ ಹುಬ್ಬಳ್ಳಿಯಾಕಿ. ಎಲ್‌ಎಲ್‌ಬಿ ಮುಗಿಸಿ ಸನ್ನದು ತಗೊಂಡು ಅಲ್ಲೇ ಕೋರ್ಟಿನ್ಯಾಗ ಪ್ರ್ಯಾಕ್ಟೀಸ್ ಮಾಡೀನಿ. ಈಗ ಮನಿಯವರ ಜೋಡಿ ಡಿಪೆಂಡೆಂಟ್ ವೀಸಾದ ಮ್ಯಾಲ ಬಂದೀನಿ. ನಾನೂ ಮೊದಲಿಂದ ಟ್ರೇನಿಂಗ್ ಕಾಂಟ್ರಾಕ್ಟ್ ಹುಡುಕಬೇಕೇನ್ರಿ?

ಉತ್ತರ:

ಬೇಡಮ್ಮ. ನೀವು ಆಗ್ಲೇ ಅಡ್ವೊಕೇಟ್, ಇಲ್ಲಿ ನಿಮ್ಮನ್ನ ಕ್ವಾಲಿಫೈಡ್ ಲಾಯರ್ ಅಂತ ನೋಡ್ತಾರೆ, ಆ ಎರಡು ವರ್ಷದ ಅನುಭವದ ಷರತ್ತು ನಿಮಗಿಲ್ಲ. ಎಸ್‌ಕ್ಯೂಇ ಎರಡೂ ಹಂತ ಬರೀಬೇಕು. ಪ್ರ್ಯಾಕ್ಟೀಸ್ ಎರಡು ವರ್ಷ ದಾಟಿದ್ರೆ ಎರಡನೇ ಹಂತಕ್ಕೆ ವಿನಾಯಿತಿ ಕೇಳಿ ಎಸ್‌ಆರ್‌ಎಗೆ ಅರ್ಜಿ ಹಾಕ್ಬಹುದು. ಹುಬ್ಬಳ್ಳಿಯಿಂದ ನಿಮ್ಮ ಸೀನಿಯರ್ ಹತ್ರ ಪತ್ರ, ಬಾರ್ ಕೌನ್ಸಿಲ್‌ನಿಂದ ಕಾಗದ ಈಗಿಂದಲೇ ತರಿಸ್ಕೊಳ್ಳಿ, ಅಲ್ಲಿಂದ ಬರೋದು ನಿಧಾನ ಅಂತ ನಿಮಗೇ ಗೊತ್ತು.

ಆದ್ರೆ ಕೆಲಸ ಕೊಡೋರು ಇಲ್ಲಿನ ಅನುಭವ ಕೇಳೇ ಕೇಳ್ತಾರೆ. ಡಿಪೆಂಡೆಂಟ್ ವೀಸಾದಲ್ಲಿ ಸ್ಪಾನ್ಸರ್ ಇಲ್ದೇನೇ ಕೆಲಸ ಮಾಡ್ಬಹುದು, ಅದು ನಿಮಗೆ ದೊಡ್ಡ ಅನುಕೂಲ, ಸಿವಿಯ ಮೇಲ್ಗಡೆನೇ ಬರೀರಿ. ಪ್ಯಾರಾಲೀಗಲ್ ಆಗಿ ಸೇರಿ, ಕೋರ್ಟಲ್ಲಿ ವಾದ ಮಾಡಿದೋಳು ಫೈಲ್ ಜೋಡಿಸ್ಬೇಕಾ ಅಂತ ಬೇಜಾರಾಗ್ಬೇಡಿ.

ಪ್ರಶ್ನೆ, ರೆಡಿಂಗ್‌ನವರೇ:

ಲಾಸ್ಟ್ ಒಂದು ಮೇಡಂ. ಕೆಲಸ ಮಾಡ್ತಾ ಎಸ್‌ಕ್ಯೂಇ ಪಾಸ್ ಮಾಡೋಕೆ ಆಗುತ್ತಾ? ಬರೀ ಆಬ್ಜೆಕ್ಟಿವ್ ಅಂತೆ, ಸಿಇಟಿ ಥರ?

ಉತ್ತರ:

ಸಿಇಟಿ ಥರ ಅಂದ್ಕೊಂಡು ಹೋದೋರೇ ಫೇಲ್ ಆಗೋದು. ಮೊದಲ ಹಂತ 180 ಪ್ರಶ್ನೆಯ ಎರಡು ಪೇಪರ್, ಬೇರೆಬೇರೆ ದಿನ. ಪ್ರಶ್ನೆಗೆ 1 ನಿಮಿಷ 42 ಸೆಕೆಂಡ್ ಬೀಳುತ್ತೆ, ಪುಸ್ತಕ ಇಲ್ಲ. ಕೊಟ್ಟ ಐದು ಉತ್ತರದಲ್ಲಿ ಎರಡು ಮೂರು ಸರಿ ಅನ್ನಿಸ್ತವೆ, ಅದರಲ್ಲಿ ಅತಿ ಸರಿಯಾದ್ದು ಆರಿಸ್ಬೇಕು. ಕಾಂಟ್ರಾಕ್ಟು, ಟಾರ್ಟು (ಬೇರೆಯವರಿಗೆ ಮಾಡಿದ ಹಾನಿಗೆ ಪರಿಹಾರದ ಕಾನೂನು) ನಿಮಗೆ ಹಿಡಿಸುತ್ತೆ, ಟ್ರಸ್ಟು ಲ್ಯಾಂಡ್ ಲಾ ಸುಸ್ತು ಮಾಡುತ್ತೆ, ಕಂಪನಿ ಕೆಲಸ ಮಾಡ್ಬೇಕು ಅಂತ ಬಂದೋರೂ ವಿಲ್ಲು, ಕ್ರಿಮಿನಲ್ಲು, ಕ್ಲೈಂಟ್ ದುಡ್ಡಿನ ಅಕೌಂಟ್ಸು ಎಲ್ಲಾ ಓದ್ಬೇಕು. ಬರೆದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಪಾಸಾಗಲ್ಲ. 2024ರ ಜನವರಿಯಲ್ಲಿ ಪಾಸಾಗಿದ್ದ 175 ಜನಕ್ಕೆ ಫೇಲ್ ಅಂತ ತಪ್ಪು ರಿಸಲ್ಟ್ ಹೋಗಿ ದೊಡ್ಡ ಗಲಾಟೆನೂ ಆಗಿತ್ತು. ಆರು ವರ್ಷದೊಳಗೆ ಮೂರೇ ಅವಕಾಶ, ಆದ್ರಿಂದ ಹೆಂಗಿರುತ್ತೆ ನೋಡೋಣ ಅಂತ ಸುಮ್ನೆ ಕೂರ್ಬೇಡಿ. ಎರಡನೇ ಹಂತದಲ್ಲಿ 16 ಟಾಸ್ಕು, 12 ಬರೆಯೋದು, 4 ಮಾತಾಡೋದು: ನಟರನ್ನ ಕ್ಲೈಂಟ್ ಅಂತ ಕೂರಿಸಿರ್ತಾರೆ, ಅವರ ಜೊತೆ ಇಂಟರ್‌ವ್ಯೂ, ಜಡ್ಜ್ ಮುಂದೆ ವಾದ.

ಕೆಲಸದ ಜೊತೆ ಆಗುತ್ತೆ. ಎರಡು ಮಕ್ಕಳಿರೋ ಮನೇಲಿ ಮೊದಲ ಹಂತಕ್ಕೇ ಒಂದು ವರ್ಷ ಇಟ್ಕೊಳ್ಳಿ.

ಕಾಮೆಂಟ್, ಗ್ಲಾಸ್ಗೋದಿಂದ:

ಇದು ನಮಗೂ ಅನ್ವಯಿಸುತ್ತಾ ಅಕ್ಕ? ಇನ್ನೊಂದು, ಅಪ್ರೆಂಟಿಸ್‌ಶಿಪ್‌ನಲ್ಲಿ, ಅಂದ್ರೆ ಸಂಬಳ ತಗೊಂಡು ಕೆಲಸ ಮಾಡ್ತಾ ಕಲಿಯೋದ್ರಲ್ಲಿ, ಫೀಸೇ ಇಲ್ದೆ ಸಾಲಿಸಿಟರ್ ಆಗ್ಬಹುದಂತೆ?

ಉತ್ತರ:

ಇಲ್ಲ, ಸ್ಕಾಟ್ಲೆಂಡ್ ಪೂರ್ತಿ ಬೇರೆ. ಅಲ್ಲಿ ಎಸ್‌ಕ್ಯೂಇ ಇಲ್ಲ, ಸ್ಕಾಟ್ಸ್ ಲಾ ಓದಿ, ಡಿಪ್ಲೊಮಾ ಮಾಡಿ, ಎರಡು ವರ್ಷದ ಟ್ರೇನಿಶಿಪ್. ನಿಮ್ಮ ಲಾ ಸೊಸೈಟಿ ಆಫ್ ಸ್ಕಾಟ್ಲೆಂಡ್‌ನ ಕೇಳಿ. ಅಪ್ರೆಂಟಿಸ್‌ಶಿಪ್ ಇಂಗ್ಲೆಂಡಲ್ಲಿ ಚೆನ್ನಾಗಿತ್ತು, ಆದ್ರೆ 2026ರ ಜನವರಿಯಿಂದ ಹೊಸದಾಗಿ ಸೇರೋರಲ್ಲಿ ಹೆಚ್ಚುಕಡಿಮೆ 22 ತುಂಬದವರಿಗೆ ಮಾತ್ರ ಸರ್ಕಾರದ ಫಂಡಿಂಗ್. ನಮ್ಮ ವಯಸ್ಸಿನವರಿಗೆ ಅದು ಮುಚ್ಚಿದ ಬಾಗಿಲು, ಮಗಳು ಮಗ ಎ ಲೆವೆಲ್‌ನಲ್ಲಿದ್ರೆ ಅವರಿಗೆ ಹೇಳಿ.