ಹೊಟ್ಟೆಯ ನಡುವಿನ ಉಬ್ಬು: ಫಿಜಿಯೋಥೆರಪಿಸ್ಟರಿಗೆ ಪ್ರಶ್ನೆಗಳು

ಬ್ಯಾಡಗಿಯ ಸದಸ್ಯ: ಮೇಡಂ, ನನಗೆ 24 ವರ್ಷ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುತ್ತೇನೆ. ಹಾಸಿಗೆಯಿಂದ ಏಳುವಾಗ ಹೊಕ್ಕುಳದ ಮೇಲೆ ಉದ್ದಕ್ಕೆ ದಿಂಡಿನಂತೆ ಉಬ್ಬುತ್ತದೆ, ಮಲಗಿದರೆ ಇಳಿಯುತ್ತದೆ. ಈಚೆಗೆ ಹೊಕ್ಕುಳದ ಪಕ್ಕದಲ್ಲಿ ಬೇರೊಂದು ಚಿಕ್ಕ ಗಂಟು ಕೈಗೆ ಸಿಗುತ್ತಿದೆ. ಸಿಟ್‌ಅಪ್ ಹೊಡೆದರೆ ಎರಡೂ ಹೋಗುತ್ತವೆಯೇ?

ಫಿಜಿಯೋಥೆರಪಿಸ್ಟ್, ಧಾರವಾಡ: ಸಿಟ್‌ಅಪ್ ಇಂದೇ ನಿಲ್ಲಿಸಿ. ಹೊಟ್ಟೆಯ ಎಡಬಲದ ಉದ್ದ ಸ್ನಾಯುಗಳನ್ನು ಹಿಡಿದಿಡುವ ಲೀನಿಯಾ ಆಲ್ಬಾ ಎಂಬ ಪಟ್ಟಿ ಹಿಗ್ಗಿ ತೆಳುವಾದಾಗ ಉದ್ದನೆಯ ಉಬ್ಬು ಏಳುತ್ತದೆ. ಅಲ್ಲಿ ತೂತು ಇರುವುದಿಲ್ಲವಾದ್ದರಿಂದ ಕರುಳು ಸಿಕ್ಕಿಕೊಳ್ಳುವ ಭಯವಿಲ್ಲ. ನನಗೆ ಚಿಂತೆಯಿರುವುದು ಆ ಗಂಟಿನದು, ಏಕೆಂದರೆ ಅದು ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆಯ ತೂತಿನಿಂದ ಒಳಗಿನ ಭಾಗ ಹೊರಚಾಚಿದ್ದು, ಇರಬಹುದು. ಮೊದಲು ಸರ್ಜನ್‌ಗೆ ತೋರಿಸಿ. ಗಂಟು ಒಳಗೆ ಹೋಗದೆ ಗಟ್ಟಿಯಾಗಿ ನೋಯತೊಡಗಿದರೆ, ಬಣ್ಣ ಬದಲಾದರೆ ಅಥವಾ ವಾಂತಿಯಾದರೆ ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಸರ್ಜನ್ ವ್ಯಾಯಾಮಕ್ಕೆ ಒಪ್ಪಿದ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಉಸಿರನ್ನು ನಿಧಾನವಾಗಿ ಬಿಡುತ್ತ ಕೆಳಹೊಟ್ಟೆಯನ್ನು ಮೆಲ್ಲಗೆ ಒಳಗೆಳೆದುಕೊಳ್ಳಿ. ಅದೇ ಬಿಗುವಿನಲ್ಲಿ ಒಂದು ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸಿ, ಮತ್ತೆ ಹಿಂದಕ್ಕೆ ತನ್ನಿ. ನಡುವೆ ದಿಂಡು ಎದ್ದರೆ ಆ ವ್ಯಾಯಾಮ ನಿಮಗೆ ಇನ್ನೂ ಭಾರ. ಹಾಸಿಗೆಯಿಂದ ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕೈಯೂರಿ ಏಳಿ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯುವ ಅಭ್ಯಾಸ ಬಿಡಿ.

ಗದಗದ ಸದಸ್ಯ: ಆ ಎಡಬಲದ ಸ್ನಾಯುಗಳ ನಡುವೆ ಅಂತರ ಎಷ್ಟಿರಬೇಕು? ಬೆಲ್ಟ್ ಕಟ್ಟಬಹುದೇ?

ಫಿಜಿಯೋಥೆರಪಿಸ್ಟ್: ಸಾಮಾನ್ಯವಾಗಿ 2 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಗಮನಿಸುತ್ತೇವೆ. ಬೆಲ್ಟ್ ಆಸರೆ ಕೊಡುತ್ತದೆ, ಸ್ನಾಯುವನ್ನು ಬಲಪಡಿಸುವುದಿಲ್ಲ.

ಹುಬ್ಬಳ್ಳಿಯ ಸದಸ್ಯ: ನನಗೆ ಬಂದ ಸಂದೇಶದ ಪ್ರಕಾರ ಇದು ಬಟ್ಟಿ, ಅಂದರೆ ಹೊಕ್ಕುಳ, ಸರಿದಿರುವುದು. ಹೊಕ್ಕುಳದ ಮೇಲೆ ದೀಪವಿಟ್ಟು ಚೆಂಬು ಬೋರಲು ಹಾಕಿದರೆ ಕೂಡಿಕೊಳ್ಳುತ್ತದೆ.

ಫಿಜಿಯೋಥೆರಪಿಸ್ಟ್: ಹರ್ನಿಯಾ ಇರಬಹುದಾದ ಹೊಟ್ಟೆಯ ಮೇಲೆ ಬೆಂಕಿ ಇಡಲು ಹೇಳುವ ಮುನ್ನ ಎರಡು ಸಲ ಯೋಚಿಸಿ. ಇಂಥ ಸಂದೇಶಗಳನ್ನು ಇಲ್ಲಿ ಹಾಕಬೇಡಿ.

ಧಾರವಾಡದ ಸದಸ್ಯ: ಗರಡಿಯಲ್ಲಿ ಸಾಮು ಮಾಡಿದ ನಮ್ಮ ಹಿರಿಯರಿಗೆ ಇದೆಲ್ಲ ಎಲ್ಲಿತ್ತು? ಜಿಮ್ಮಿನವರು ತಂದ ರೋಗವಿದು.

ಹುಬ್ಬಳ್ಳಿಯ ಇನ್ನೊಬ್ಬ ಸದಸ್ಯ: ಹಿರಿಯರ ಧೋತರದ ಗಂಟು ಬಿಚ್ಚಿ ಅಳೆದವರು ಯಾರಿದ್ದರು ಯಜಮಾನರೇ? ಜಿಮ್ಮಿಗೆ ಹೋಗುವವರು ನಿಮ್ಮ ಮನೆಯಲ್ಲೂ ಇದ್ದಾರೆ.

ಧಾರವಾಡದ ಸದಸ್ಯ: ಮನೆಯ ವಿಷಯ ಎತ್ತಬೇಡಿ. ಮಾತಿಗೆ ಮಿತಿ ಇರಲಿ.

ಹಾವೇರಿಯ ಸದಸ್ಯ: ತೂಕ ಇಳಿಸಿದ ಮೇಲೆ ನನಗೂ ಅಂತರ ಕಾಣುತ್ತಿದೆ. ಕಬಡ್ಡಿ ಆಡಬಹುದೇ?

ಗದಗದ ಇನ್ನೊಬ್ಬ ಸದಸ್ಯ: ಮೇಡಂ, ಯಾವ ಬೆಲ್ಟ್ ಒಳ್ಳೆಯದು?

ಫಿಜಿಯೋಥೆರಪಿಸ್ಟ್: ಬೆಲ್ಟಿನ ಬಗ್ಗೆ ಮೇಲೆ ಬರೆದಿದ್ದೇನೆ, ಓದಿ. ಗರಡಿ, ಜಿಮ್ಮಿನ ಜಗಳ ಬೇರೆಡೆ ಆಡಿಕೊಳ್ಳಿ.

ಬ್ಯಾಡಗಿಯ ಸದಸ್ಯ: ಆವಕ ಜೋರಾಗಿದೆ ಮೇಡಂ. ಮುಂದಿನ ವಾರ ತೋರಿಸಿದರೆ ನಡೆಯುತ್ತದೆಯೇ?

ಫಿಜಿಯೋಥೆರಪಿಸ್ಟ್: ನಡೆಯುವುದಿಲ್ಲ. ನಾಳೆಯೇ ತೋರಿಸಿ, ಅಲ್ಲಿಯವರೆಗೆ ಚೀಲ ಮುಟ್ಟಬೇಡಿ.